ಡಿಕಾಕ್ಷನ್ನಿಗೆ ಕೊಳೆತ ನಾತ: ಮೂಗು ಹಾದಿ ತಪ್ಪುವುದು ಎಲ್ಲಿ?

2021ರ ಎರಡನೇ ಅಲೆಯಲ್ಲಿ ನಮ್ಮ ಅತ್ತಿಗೆಗೆ ಕೋವಿಡ್ ಬಂದು ಹೋಯಿತು. ಜ್ವರ ಇದ್ದದ್ದು ನಾಲ್ಕು ದಿನ, ವಾಸನೆ ತಿಳಿಯದೆ ಕಳೆದದ್ದು ಹದಿನೈದು ದಿನ. ಆಮೇಲೆ ಎಲ್ಲ ಸರಿಹೋಯಿತು ಎಂದುಕೊಂಡಿದ್ದೆವು. ಎರಡೂವರೆ ತಿಂಗಳ ನಂತರ ಒಂದು ಬೆಳಿಗ್ಗೆ ಅವರು ಕಾಫಿ ಲೋಟವನ್ನು ಕೆಳಗಿಟ್ಟು "ಹಾಲು ಕೆಟ್ಟಿದೆ" ಎಂದರು. ಹಾಲು ಕೆಟ್ಟಿರಲಿಲ್ಲ. ಮರುದಿನ ಬೇರೆ ಅಂಗಡಿಯಿಂದ ಹಾಲು ಬಂತು, ಅದೇ ದೂರು. ಕಾಫಿಪುಡಿ ಬದಲಾಯಿತು, ಚಿಕೋರಿಯ ಪ್ರಮಾಣ ಬದಲಾಯಿತು, ಹಿತ್ತಾಳೆಯ ಫಿಲ್ಟರನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೂ ಆಯಿತು. ಒಗ್ಗರಣೆಗೆ ಈರುಳ್ಳಿ ಬಿದ್ದೊಡನೆ ಅವರು ಸೆರಗನ್ನು ಮೂಗಿಗೆ ಒತ್ತಿಕೊಂಡು ಅಂಗಳಕ್ಕೆ ಓಡತೊಡಗಿದಾಗ ಬಚ್ಚಲ ಕೊಳವೆ ನೋಡಲು ಪ್ಲಂಬರ್ ಬಂದ. ಅಟ್ಟದಲ್ಲಿ ಇಲಿ ಸತ್ತಿರಬೇಕೆಂದು ಅಣ್ಣ ಏಣಿ ಹತ್ತಿದ. ಇಲಿಯೂ ಸಿಗಲಿಲ್ಲ. ಕೊನೆಗೆ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರೂ ಒಳಗೊಳಗೇ ಎಣಿಸಿದ ಕಾರಣವೊಂದೇ ಉಳಿಯಿತು: ಇವರ ಮನಸ್ಸಿಗೆ ಏನೋ ಆಗಿದೆ.

ಹಾಲಿನಿಂದ ಹೊರಟು ಮನಸ್ಸಿಗೆ ತಲುಪಿದ ಆ ಹುಡುಕಾಟವನ್ನು ನೆನೆದರೆ ಈಗ ನಗು ಬರುತ್ತದೆ, ನಾಚಿಕೆಯೂ ಆಗುತ್ತದೆ. ಆದರೆ ಹುಡುಕಾಟದ ದಿಕ್ಕು ತಪ್ಪಿರಲಿಲ್ಲ. ವಾಸನೆ ಬದಲಾಯಿತು ಎಂದರೆ ಅದು ಹೊರಗಿನ ವಸ್ತುವಿನಲ್ಲಿ ಬದಲಾಗಿರಬಹುದು, ಮೂಗಿನ ಹಾದಿಯಲ್ಲಿ ಬದಲಾಗಿರಬಹುದು, ಗಂಧ ಹೊರುವ ನರದಲ್ಲಿ ಬದಲಾಗಿರಬಹುದು, ಇಲ್ಲವೇ ಮಿದುಳಿನಲ್ಲಿ. ನಾವು ಮೊದಲನೆಯ ಮೆಟ್ಟಿಲಿನಿಂದ ಕೊನೆಯದಕ್ಕೆ ಒಮ್ಮೆಲೇ ಹಾರಿದ್ದೆವು. ಅತ್ತಿಗೆಯ ತೊಂದರೆ ಇದ್ದದ್ದು ನಾವು ಬಿಟ್ಟ ನಡುವಿನ ಮೆಟ್ಟಿಲಿನಲ್ಲಿ.

ವೈದ್ಯರು ಇಂತಹ ದೂರುಗಳನ್ನು ಮೊದಲು ಬಗೆ ನೋಡಿ ಬೇರ್ಪಡಿಸುತ್ತಾರೆ. ವಾಸನೆ ಪೂರ್ತಿ ಹೋಗುವುದು ಅನಾಸ್ಮಿಯಾ, ಮಂಕಾಗುವುದು ಹೈಪಾಸ್ಮಿಯಾ. ಎದುರಿಗಿರುವ ವಸ್ತುವಿನ ವಾಸನೆ ಬೇರೊಂದಾಗಿ, ಹೆಚ್ಚಾಗಿ ಅಸಹ್ಯವಾಗಿ ಬರುವುದು ಪ್ಯಾರಾಸ್ಮಿಯಾ. ಏನೂ ಇಲ್ಲದೆಡೆ ವಾಸನೆ ಬರುವುದು ಫ್ಯಾಂಟಾಸ್ಮಿಯಾ. ಹಗ್ಗವನ್ನು ಹಾವೆಂದು ಕಾಣುವುದು ಬೇರೆ, ಹಗ್ಗವೇ ಇಲ್ಲದ ಕಡೆ ಹಾವು ಕಾಣುವುದು ಬೇರೆ. ಕೊನೆಯ ಎರಡರ ನಡುವಿನ ಅಂತರ ಅಷ್ಟು ದೊಡ್ಡದು, ಕಾರಣಗಳೂ ಬೇರೆಬೇರೆ.

ತೊಂದರೆಯೆಂದರೆ ನಮ್ಮಲ್ಲಿ ಬಹುಮಂದಿ ವೈದ್ಯರ ಮುಂದೆ ಮೂಗಿನ ಮಾತನ್ನೇ ಎತ್ತುವುದಿಲ್ಲ. "ನಾಲಿಗೆ ಕೆಟ್ಟಿದೆ, ರುಚಿ ಇಲ್ಲ" ಎನ್ನುತ್ತಾರೆ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎಂಬ ಐದೇ. ಸಾರಿನಲ್ಲಿ ಇಂಗನ್ನೂ ಕೊತ್ತಂಬರಿಯನ್ನೂ ಬೇರೆಬೇರೆಯಾಗಿ ಗುರುತಿಸುವುದು ಬಾಯಿಯ ಹಿಂಬದಿಯಿಂದ ಮೂಗಿಗೆ ಏರುವ ಗಾಳಿ. ಹೋಟೆಲಿನಲ್ಲಿ ಬಿಲ್ಲಿನೊಡನೆ ಬರುವ ಸಕ್ಕರೆ ಲೇಪಿಸಿದ ಸೋಂಪನ್ನು ಮೂಗು ಬಿಗಿಯಾಗಿ ಹಿಡಿದು ಅಗಿದು ನೋಡಿ, ಬರೀ ಸಿಹಿ. ಬೆರಳು ತೆಗೆದ ಕ್ಷಣದಲ್ಲಿ ಸೋಂಪು ಬಾಯಿತುಂಬ ಬಂದು ನಿಲ್ಲುತ್ತದೆ. ಬೆರಳು ತೆಗೆದ ಮೇಲೂ ಸಿಹಿಯೊಂದೇ ಉಳಿದರೆ ಕೆಟ್ಟಿರುವುದು ನಾಲಿಗೆಯಲ್ಲ.

ಇನ್ನೊಂದು ಗೊಂದಲವನ್ನು ಬಿಡಿಸಲು ಕನ್ನಡದಲ್ಲೇ ಒಳ್ಳೆಯ ಪದವಿದೆ: ಘಾಟು. ಒಣಮೆಣಸಿನಕಾಯಿ ಹುರಿದಾಗ ಕೆಮ್ಮು ಬರಿಸುವುದನ್ನು ನಾವು ವಾಸನೆ ಎನ್ನುವುದಿಲ್ಲ. ಶರೀರಶಾಸ್ತ್ರವೂ ಅದನ್ನು ಬೇರೆಯಾಗಿಯೇ ಇಟ್ಟಿದೆ. ಘಾಟು, ಉರಿ, ಪುದೀನ ಸತ್ವದ ತಂಪು, ಅಮೋನಿಯಾದ ಚುಚ್ಚು, ಇವನ್ನೆಲ್ಲ ಹೊರುವುದು ಮುಖದ ಸ್ಪರ್ಶದ ನರವಾದ ಟ್ರೈಜೆಮಿನಲ್. ಗಂಧದ ನರ ಪೂರ್ತಿ ಸತ್ತವರಿಗೂ ನೋವಿನ ಮುಲಾಮಿನ ತಂಪು ಮೂಗಿನಲ್ಲಿ ತಿಳಿಯುತ್ತದೆ. ಅದನ್ನೇ ನಂಬಿ "ನನಗೆ ವಾಸನೆ ಬರುತ್ತಿದೆ" ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿರುವವರಿದ್ದಾರೆ.

ಗಂಧ ಹಿಡಿಯುವ ಪೊರೆ ಮೂಗಿನ ಮಾಳಿಗೆಯಲ್ಲಿದೆ. ಹೊಳ್ಳೆಯಿಂದ ಬಹಳ ಮೇಲೆ, ಎರಡು ಕಣ್ಣುಗಳ ನಡುವಿನ ಎತ್ತರದಲ್ಲಿ, ಅಂಚೆಚೀಟಿಯಷ್ಟು ಜಾಗ. ಅಲ್ಲಿನ ನರಕೋಶಗಳು ಹೊರಗಿನ ಗಾಳಿಗೆ ನೇರವಾಗಿ ತೆರೆದುಕೊಂಡಿವೆ. ಧೂಳು, ವೈರಾಣು, ಹೊಗೆ ಎಲ್ಲದಕ್ಕೂ ಎದೆಯೊಡ್ಡಿ ನಿಲ್ಲುವುದರಿಂದ ಅವು ಬಹಳ ಕಾಲ ಬಾಳುವುದಿಲ್ಲ. ಅಡಿಯಲ್ಲಿರುವ ಮೂಲಕೋಶಗಳಿಂದ ಜೀವಮಾನವಿಡೀ ಹೊಸದಾಗಿ ಹುಟ್ಟುತ್ತಿರುತ್ತವೆ. ಮನುಷ್ಯನಲ್ಲಿ ಗಂಧಗ್ರಾಹಿಗಳು ಸುಮಾರು 400 ಬಗೆ, ಒಂದು ಕೋಶಕ್ಕೆ ಒಂದೇ ಬಗೆ. ಈ ಗ್ರಾಹಿಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಅದಕ್ಕೂ ಹಿಂದೆ, 1970ರ ದಶಕದಲ್ಲಿಯೇ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಒಬೈದ್ ಸಿದ್ದಿಖಿ ಮತ್ತು ವೆರೋನಿಕಾ ರಾಡ್ರಿಗಸ್ ವಾಸನೆ ತಿಳಿಯದ ಹಣ್ಣಿನ ನೊಣಗಳನ್ನು ಬೇರ್ಪಡಿಸಿ ಈ ಇಂದ್ರಿಯದ ಆನುವಂಶಿಕತೆಯನ್ನು ಕೆದಕಿದ್ದರು. ಸಿದ್ದಿಖಿ ಮುಂದೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಕಟ್ಟಿದರು. ನಮ್ಮ ಊರಿನ ಈ ನಂಟು ನಮ್ಮಲ್ಲೇ ಹೆಚ್ಚು ಮಂದಿಗೆ ತಿಳಿದಿಲ್ಲ.

ಒಂದು ವಾಸನೆ ಎಂದರೆ ಒಂದು ಗ್ರಾಹಿ ಎಂದಲ್ಲ. ಹುರಿದ ಕಾಫಿಬೀಜದಿಂದ ನೂರಾರು ಬಗೆಯ ಅಣುಗಳು ಏಳುತ್ತವೆ, ಒಂದೊಂದು ಅಣುವೂ ಹಲವು ಗ್ರಾಹಿಗಳನ್ನು ಬೇರೆಬೇರೆ ಬಲದಲ್ಲಿ ತಟ್ಟುತ್ತದೆ. ಹಾರ್ಮೋನಿಯಂನಲ್ಲಿ ಹಲವು ಮನೆಗಳನ್ನು ಒಟ್ಟಿಗೆ ಒತ್ತಿದಂತೆ. ಕೋಶಗಳ ಎಳೆಗಳು ಜರಡಿಯಂತೆ ತೂತುತೂತಾದ ಮೂಳೆಯೊಂದನ್ನು ದಾಟಿ ಮಿದುಳಿನ ಅಡಿಯಲ್ಲಿರುವ ಗಂಧಕಂದವನ್ನು (ಆಲ್ಫ್ಯಾಕ್ಟರಿ ಬಲ್ಬ್) ಸೇರುತ್ತವೆ. ಒಂದೇ ಬಗೆಯ ಗ್ರಾಹಿಯ ಎಳೆಗಳೆಲ್ಲ ಅಲ್ಲಿ ಒಂದೇ ಗಂಟಿನಲ್ಲಿ ಕೂಡುತ್ತವೆ. ಅಲ್ಲಿಂದ ಸುದ್ದಿ ನೇರವಾಗಿ ಭಾವನೆ ಮತ್ತು ನೆನಪಿನ ಕೇಂದ್ರಗಳಿಗೆ ಹೋಗುತ್ತದೆ. ಉಳಿದ ಇಂದ್ರಿಯಗಳ ಸುದ್ದಿ ಮೊದಲು ಥಾಲಮಸ್ ಎಂಬ ಕಟ್ಟೆಯಲ್ಲಿ ನಿಂತು ಹೋಗಬೇಕು, ಗಂಧಕ್ಕೆ ಆ ಕಟ್ಟಳೆಯಿಲ್ಲ. ಹೊಲಸು ನಾತ ಬಡಿದಾಗ ಯೋಚನೆಗೆ ಮೊದಲೇ ವಾಕರಿಕೆ ಬರುವುದಕ್ಕೆ ಈ ಅಡ್ಡದಾರಿಯೂ ಒಂದು ಕಾರಣ.

ಕೋವಿಡ್ ಹೊಡೆದದ್ದು ಇಲ್ಲಿಯೇ. ಆದರೆ ಮೊದಲು ಊಹಿಸಿದ ರೀತಿಯಲ್ಲಲ್ಲ. 2020ರ ಜೂನ್ 13ರಂದು ಕೇಂದ್ರ ಆರೋಗ್ಯ ಸಚಿವಾಲಯ ವಾಸನೆ ಅಥವಾ ರುಚಿ ಹೋಗುವುದನ್ನು ರೋಗಲಕ್ಷಣಗಳ ಪಟ್ಟಿಗೆ ಸೇರಿಸಿದಾಗ, ವೈರಾಣು ನರವನ್ನೇ ತಿನ್ನುತ್ತದೆ ಎಂಬ ಭಯ ಎಲ್ಲೆಡೆ ಇತ್ತು. ಅದೇ ವರ್ಷ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂಶೋಧಕರು ತೋರಿಸಿದ್ದು ಬೇರೆ. ವೈರಾಣು ಒಳನುಗ್ಗಲು ಬೇಕಾದ ಎಸಿಇ2 ಎಂಬ ಬಾಗಿಲು ಗಂಧದ ನರಕೋಶಗಳಲ್ಲಿ ಇರಲಿಲ್ಲ, ಅವುಗಳಿಗೆ ಆಸರೆಯಾಗಿ ನಿಂತ ಪಕ್ಕದ ಕೋಶಗಳಲ್ಲಿತ್ತು. ತೊಟ್ಟಿಲು ಮುರಿದರೆ ಮಗುವಿಗೆ ಏಟಾಗುತ್ತದೆ. ಆಸರೆ ಕೋಶಗಳು ಬೇಗ ಮರುಹುಟ್ಟುವುದರಿಂದಲೇ ಬಹುಮಂದಿಗೆ ಎರಡು ಮೂರು ವಾರದಲ್ಲಿ ವಾಸನೆ ಮರಳಿತು. ಮರಳದವರ ಕಥೆ 2022ರಲ್ಲಿ ಇನ್ನಷ್ಟು ತಿಳಿಯಾಯಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವು ಅಂಥವರ ಮೂಗಿನ ಪೊರೆಯ ಚೂರುಗಳನ್ನು ಪರೀಕ್ಷಿಸಿದಾಗ, ವೈರಾಣು ಹೋಗಿ ತಿಂಗಳುಗಳಾದರೂ ಸೋಂಕಿನ ವಿರುದ್ಧ ಹೋರಾಡುವ ಟಿ ಕೋಶಗಳು ಅಲ್ಲಿ ಉರಿಯೂತ ಎಬ್ಬಿಸುತ್ತಲೇ ಇದ್ದವು, ನರಕೋಶಗಳ ಸಂಖ್ಯೆ ಇಳಿದಿತ್ತು. ಕಳ್ಳ ಓಡಿಹೋದ ಮೇಲೂ ಪೊಲೀಸರು ಮನೆ ಬಿಟ್ಟು ಕದಲದ ಹಾಗೆ. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆಯೊಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿ, ಕೋವಿಡ್‌ನಿಂದ ವಾಸನೆ ಕೆಟ್ಟವರಲ್ಲಿ ಶೇ 5.6ರಷ್ಟು ಮಂದಿಗೆ ಅದು ಬಹುಕಾಲ ಉಳಿಯಬಹುದೆಂದು ಅಂದಾಜಿಸಿತು. ಸೋಂಕಿತರ ಸಂಖ್ಯೆ ಕೋಟಿಗಳಲ್ಲಿದ್ದಾಗ ಇದು ಸಣ್ಣ ಪಾಲಲ್ಲ. ಓಮಿಕ್ರಾನ್ ಬಂದ ಮೇಲೆ ಈ ತೊಂದರೆ ಕಡಿಮೆಯಾಯಿತು ಎಂಬುದೂ ನಿಜ. ಹಾಗೆಯೇ ಕೋವಿಡ್‌ಗೆ ಮೊದಲೂ ಸಾಮಾನ್ಯ ನೆಗಡಿ, ಫ್ಲೂ ವೈರಾಣುಗಳು ಇದೇ ಕೆಲಸ ಮಾಡುತ್ತಿದ್ದವು, ಕೇಳುವವರು ಇರಲಿಲ್ಲ ಅಷ್ಟೇ.

ಈಗ ಅತ್ತಿಗೆಯ ಕಾಫಿಗೆ ಬರೋಣ. ಪ್ಯಾರಾಸ್ಮಿಯಾ ಸಾಮಾನ್ಯವಾಗಿ ಸೋಂಕಿನ ಜೊತೆಯಲ್ಲಿ ಬರುವುದಿಲ್ಲ, ಎರಡು ಮೂರು ತಿಂಗಳು ಕಳೆದ ಮೇಲೆ ತಲೆಯೆತ್ತುತ್ತದೆ. ರೋಗ ಮತ್ತು ಲಕ್ಷಣದ ನಡುವೆ ಇಷ್ಟು ಅಂತರವಿರುವುದರಿಂದಲೇ ಜನ ಎರಡನ್ನೂ ಜೋಡಿಸುವುದಿಲ್ಲ, ಹಾಲಿನವನ ಮೇಲೆ ರೇಗುತ್ತಾರೆ. ಯಾವ ವಸ್ತು ಕೆಡುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ: ಕಾಫಿ, ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಹುರಿದ ಮಾಂಸ, ಚಾಕೊಲೇಟ್, ಟೂತ್‌ಪೇಸ್ಟ್. ಲಂಡನ್ನಿನಲ್ಲಿರಲಿ ಲಿಂಗಸುಗೂರಿನಲ್ಲಿರಲಿ, ದೂರು ಹೆಚ್ಚುಕಡಿಮೆ ಒಂದೇ.

ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಜೇನ್ ಪಾರ್ಕರ್ ಆಹಾರದ ಪರಿಮಳದ ರಸಾಯನ ಬಲ್ಲವರು. ಅವರ ತಂಡ ಕಾಫಿಯ ಆವಿಯನ್ನು ಯಂತ್ರದಲ್ಲಿ ಒಂದೊಂದೇ ಅಣುವಾಗಿ ಬೇರ್ಪಡಿಸಿ, ಪ್ಯಾರಾಸ್ಮಿಯಾ ಇರುವವರ ಮೂಗಿಗೆ ಅದು ಬಂದ ಹಾಗೆ ಒಡ್ಡಿತು. ನೂರಾರು ಅಣುಗಳಲ್ಲಿ ಬೆರಳೆಣಿಕೆಯವು ಮಾತ್ರ ಅವರನ್ನು ಬೆಚ್ಚಿಬೀಳಿಸಿದವು. ಅವುಗಳಲ್ಲಿ ಮುಂಚೂಣಿಯಲ್ಲಿದ್ದುದು ಗಂಧಕ (ಸಲ್ಫರ್) ಇರುವ 2-ಫರ್ಫ್ಯೂರಿಲ್‌ಥಯೋಲ್. 2022ರಲ್ಲಿ ಪ್ರಕಟವಾದ ಈ ಕೆಲಸದ ಸ್ವಾರಸ್ಯವೆಂದರೆ, ಸಾಮಾನ್ಯ ಮೂಗಿಗೆ ಹುರಿದ ಕಾಫಿಯ ಹಿತವಾದ ಪರಿಮಳ ಕೊಡುವುದೂ ಇದೇ ಅಣು. ಹಸಿ ಬೀಜದಲ್ಲಿ ಆ ಪರಿಮಳ ಇರುವುದಿಲ್ಲ, ಹುರಿಯುವಾಗ ಹುಟ್ಟುತ್ತದೆ. ಮಾಂಸ ಹುರಿದಾಗ, ಈರುಳ್ಳಿ ಹೆಚ್ಚಿದಾಗ ಏಳುವುದೂ ಗಂಧಕದ ಇಂತಹದೇ ಬಂಧುಗಳು. ಇವನ್ನು ನಮ್ಮ ಮೂಗು ನಂಬಲಾಗದಷ್ಟು ಕಡಿಮೆ ಪ್ರಮಾಣದಲ್ಲಿ ಹಿಡಿಯಬಲ್ಲದು. ಹೀಗಾಗಿ ಅರ್ಧ ಕೆಟ್ಟ ಮೂಗಿನಲ್ಲಿಯೂ ಅವು ಗೆಲ್ಲುತ್ತವೆ. ಉಳಿದ ಸ್ವರಗಳೆಲ್ಲ ಅಡಗಿ ಅಪಸ್ವರವೊಂದೇ ಕೇಳುತ್ತದೆ.

ಇನ್ನೊಂದು ವಿವರಣೆ ತಂತಿಗಳದ್ದು. ಹೊಸದಾಗಿ ಹುಟ್ಟಿದ ಕೋಶಗಳ ಎಳೆಗಳು ಜರಡಿ ಮೂಳೆ ದಾಟಿ ತಮ್ಮ ಗಂಟನ್ನು ಹುಡುಕುವಾಗ ತಪ್ಪು ಗಂಟಿಗೆ ಕೂಡಿಕೊಂಡರೆ ಗುಲಾಬಿಯ ಸುದ್ದಿ ಗೊಬ್ಬರದ ಮನೆಗೆ ತಲುಪುತ್ತದೆ. ಎರಡರಲ್ಲಿ ಯಾವುದು ಸರಿ ಎಂಬ ವಾದ ಮುಗಿದಿಲ್ಲ. ತಂತಿಗಳು ಮನಬಂದಂತೆ ತಪ್ಪಿದ್ದರೆ ಊರೂರಿಗೂ ಒಂದೊಂದು ಬಗೆಯ ದೂರು ಬರಬೇಕಿತ್ತು, ಎಲ್ಲರೂ ಕಾಫಿ ಮತ್ತು ಈರುಳ್ಳಿಯನ್ನೇ ದೂರುವುದನ್ನು ನೋಡಿದರೆ ನನಗೆ ಮೊದಲನೆಯ ವಿವರಣೆ ಹೆಚ್ಚು ಒಪ್ಪಿತವಾಗಿ ಕಾಣುತ್ತದೆ. ಏನೇ ಇದ್ದರೂ ಎರಡೂ ಒಂದು ಸಮಾಧಾನ ಹೇಳುತ್ತವೆ. ಸತ್ತ ನರ ಸುಳ್ಳು ಹೇಳುವುದಿಲ್ಲ, ಹೇಳುತ್ತಿದೆಯೆಂದರೆ ಅಲ್ಲಿ ದುರಸ್ತಿ ನಡೆಯುತ್ತಿದೆ. ಸೋಂಕಿನ ನಂತರ ಪ್ಯಾರಾಸ್ಮಿಯಾ ಬಂದವರು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು ಎಂದು ಕೆಲವು ಅಧ್ಯಯನಗಳೂ ಹೇಳಿವೆ.

ಸಮಾಧಾನದಿಂದ ಹೊಟ್ಟೆ ತುಂಬುವುದಿಲ್ಲ ಎಂಬುದು ಬೇರೆ ಮಾತು. ಅತ್ತಿಗೆ ಆರು ಕಿಲೋ ಇಳಿದರು. ಸ್ವಂತ ಬೆವರಿಗೆ ಹೇಸಿ ದಿನಕ್ಕೆ ಮೂರು ಬಾರಿ ಸ್ನಾನ, ಗಂಡ ಹತ್ತಿರ ಕುಳಿತರೆ ದೂರ ಸರಿಯುವುದು, ಮದುವೆಮನೆ ಊಟಕ್ಕೆ ಏನಾದರೊಂದು ನೆಪ. ಬಿಸಿಯಾಗಿರುವುದು, ಹುರಿದದ್ದು, ಒಗ್ಗರಣೆ ಹಾಕಿದ್ದು ಯಾವುದೂ ಆಗದು. ಮೊಸರನ್ನ, ಇಡ್ಲಿ, ಸೌತೆಕಾಯಿ, ಆರಿದ ಗಂಜಿ ಆಗುತ್ತಿತ್ತು. ಆರಿದ ಆಹಾರದಿಂದ ಆವಿ ಕಡಿಮೆ ಏಳುವುದರಿಂದ ಈ ಪಥ್ಯಕ್ಕೆ ಅರ್ಥವಿದೆ. ಅಡುಗೆಮನೆಯಲ್ಲಿ ದಿನ ಕಳೆಯುವವರಿಗೆ ಇದು ಎಂತಹ ಶಿಕ್ಷೆ ಎಂಬುದು ಮನೆಯ ಗಂಡಸರಿಗೆ, ನನ್ನನ್ನೂ ಸೇರಿಸಿ, ಹೊಳೆಯಲು ಬಹಳ ದಿನ ಹಿಡಿಯಿತು.

ಇನ್ನು ಮೂಗಿನ ಹಾದಿ. ಇಲ್ಲಿನ ಕಾರಣಗಳೇ ಅತಿ ಸಾಮಾನ್ಯ, ಗುಣವಾಗುವುದರಲ್ಲೂ ಇವೇ ಮುಂದು. ಅಲರ್ಜಿ, ಸೈನಸ್ ಉರಿಯೂತ, ದ್ರಾಕ್ಷಿಯಂತೆ ಇಳಿಬೀಳುವ ಪಾಲಿಪ್, ಡೊಂಕಾದ ನಡುಮೂಳೆ. ಗಾಳಿ ಮಾಳಿಗೆಗೆ ತಲುಪದಿದ್ದರೆ ಅಲ್ಲಿ ಕೋಶಗಳು ಎಚ್ಚರವಿದ್ದರೂ ಉಪಯೋಗವಿಲ್ಲ. ಬೆಂಗಳೂರಿನ ಖಾಲಿ ನಿವೇಶನಗಳಲ್ಲಿ ಬೆಳೆಯುವ ಪಾರ್ಥೇನಿಯಂನ ಪರಾಗ ಎಷ್ಟೋ ಮೂಗುಗಳನ್ನು ಹೀಗೆ ಮುಚ್ಚಿಸಿದೆ. ಈ ಬಗೆಯ ಗುರುತೆಂದರೆ ವಾಸನೆ ಬಂದು ಹೋಗುತ್ತಿರುತ್ತದೆ: ಒಂದು ದಿನ ಇದೆ, ಮಳೆಗಾಲದಲ್ಲಿ ಇಲ್ಲ, ಸ್ನಾನದ ನಂತರ ಒಂದಿಷ್ಟು ಇದೆ. ಮೂಗು ಬಿಡಿಸಲು ಅಂಗಡಿಯಿಂದ ತಂದ ಹನಿಗಳನ್ನು ವಾರ ದಾಟಿ ಹಾಕಿಕೊಂಡರೆ ಆ ಹನಿಗಳಿಂದಲೇ ಮೂಗು ಮತ್ತೆ ಕಟ್ಟುತ್ತದೆ. ಮತ್ತೆ ಹನಿ, ಮತ್ತೆ ಕಟ್ಟು.

ಹಳಬರು ಪೀನಸ ಎನ್ನುತ್ತಿದ್ದ ರೋಗವೂ ಇಲ್ಲಿಯದೇ. ಮೂಗಿನ ಒಳಪೊರೆ ಸೊರಗಿ, ಹಕ್ಕಳೆ ಕಟ್ಟಿ, ಪಕ್ಕದಲ್ಲಿ ಕೂರಲಾಗದ ದುರ್ನಾತ ಬರುತ್ತದೆ. ಆ ನಾತ ತಿಳಿಯದವರು ರೋಗಿಯೊಬ್ಬರೇ, ಏಕೆಂದರೆ ಗಂಧದ ಪೊರೆಯೂ ಜೊತೆಗೇ ಸೊರಗಿರುತ್ತದೆ. ವೈದ್ಯರ ಪುಸ್ತಕಗಳು ಇದನ್ನು ಕರುಣೆಯ ಗಂಧಹೀನತೆ ಎನ್ನುತ್ತವೆ. ಇದಕ್ಕೆ ತಿರುವುಮುರುವಾದದ್ದೂ ಉಂಟು. ಮೇಲಿನ ದವಡೆಯ ಹಲ್ಲು ಹುಳುಕಾಗಿ ಕೀವು ಸೈನಸ್‌ಗೆ ಏರಿದರೆ ರೋಗಿಗೆ ಮಾತ್ರ ಕೊಳೆತ ನಾತ, ಮನೆಯವರಿಗೆ ಏನೂ ಇಲ್ಲ. ಚಿಕ್ಕ ಮಗುವಿನ ಒಂದೇ ಹೊಳ್ಳೆಯಿಂದ ನಾರುವ ಸಿಂಬಳ ಸುರಿಯುತ್ತಿದ್ದರೆ ವೈದ್ಯರು ಮೊದಲು ಹುಡುಕುವುದು ಒಳಗೆ ಸಿಕ್ಕಿಕೊಂಡ ಕಡಲೆಕಾಳನ್ನೋ ಹುಣಸೆಬೀಜವನ್ನೋ ಬ್ಯಾಟರಿ ಬಿಲ್ಲೆಯನ್ನೋ. ಬ್ಯಾಟರಿಯಾದರೆ ಗಂಟೆಗಳಲ್ಲಿ ಒಳಪೊರೆ ಸುಡುತ್ತದೆ, ಕಾಯುವಂತಿಲ್ಲ.

ದ್ವಿಚಕ್ರ ವಾಹನದಿಂದ ಬಿದ್ದವರ ಕಥೆ ಬೇರೆ. ಹಿಂದಕ್ಕೆ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟಾದಾಗ ಮಿದುಳು ಒಳಗೆ ಜಾರುತ್ತದೆ, ಜರಡಿ ಮೂಳೆಯ ತೂತುಗಳಲ್ಲಿ ಹಾದ ನೂಲಿನಂತಹ ಎಳೆಗಳು ಕತ್ತರಿಸಿಹೋಗುತ್ತವೆ. ಆಸ್ಪತ್ರೆಯಲ್ಲಿರುವಷ್ಟು ದಿನ ಯಾರಿಗೂ ತಿಳಿಯುವುದಿಲ್ಲ. ಮನೆಗೆ ಬಂದು ಹಬ್ಬದ ಊಟಕ್ಕೆ ಕುಳಿತಾಗ ಒಬ್ಬಟ್ಟು ಬರೀ ಸಿಹಿಯಾಗಿದೆ ಎಂಬುದು ಗೊತ್ತಾಗುತ್ತದೆ. ಇದರಿಂದ ಚೇತರಿಕೆ ಸೋಂಕಿನ ನಂತರದ್ದಕ್ಕಿಂತ ಕಡಿಮೆ. ಪೆಟ್ಟಿನ ನಂತರ ಒಂದು ಹೊಳ್ಳೆಯಿಂದ ನೀರಿನಂತಹ, ಉಪ್ಪುಪ್ಪಾದ ದ್ರವ ತೊಟ್ಟಿಕ್ಕುತ್ತಿದ್ದರೆ ಅದು ನೆಗಡಿಯಲ್ಲದೆ ಮಿದುಳಿನ ಸುತ್ತಲ ದ್ರವವಾಗಿರಬಹುದು. ಆ ದಿನವೇ ಆಸ್ಪತ್ರೆ ಸೇರಬೇಕು.

ಮಿದುಳಿನ ವಿಷಯಕ್ಕೆ ಬಂದರೆ ಜನರ ಭಯ ಸೀದ ವಾಸನೆಯದ್ದು. ಸುಟ್ಟ ಬ್ರೆಡ್ಡಿನ ವಾಸನೆ ಬಂದರೆ ಪಾರ್ಶ್ವವಾಯು ಬಡಿಯಲಿದೆ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಸುತ್ತುತ್ತಿರುತ್ತದೆ. ಈ ನಂಬಿಕೆಗೆ ಬಲ ಕೊಟ್ಟದ್ದರಲ್ಲಿ ಕೆನಡಾದ ದೂರದರ್ಶನಗಳಲ್ಲಿ 1990ರ ದಶಕದಲ್ಲಿ ಬರುತ್ತಿದ್ದ ಒಂದು ನಿಮಿಷದ ಚಿತ್ರವೂ ಸೇರಿದೆ. ಅದರಲ್ಲಿದ್ದ ಸುಟ್ಟ ಬ್ರೆಡ್ಡಿನ ವಾಸನೆಯ ಕಥೆ ಮಾಂಟ್ರಿಯಲ್‌ನ ಶಸ್ತ್ರವೈದ್ಯ ವೈಲ್ಡರ್ ಪೆನ್‌ಫೀಲ್ಡ್ ಅವರದು, ರೋಗ ಪಾರ್ಶ್ವವಾಯುವಲ್ಲ, ಅಪಸ್ಮಾರ. ಪಾರ್ಶ್ವವಾಯುವಿನ ಗುರುತು ಬೇರೆ: ಮುಖ ಒಂದು ಕಡೆಗೆ ಸೊಟ್ಟಗಾಗುವುದು, ಕೈ ಎತ್ತಲಾಗದಿರುವುದು, ಮಾತು ತೊದಲುವುದು. ಅಪಸ್ಮಾರದ ವಾಸನೆಗೂ ಅದರದ್ದೇ ನಡೆಯಿದೆ. ಕಿವಿಯ ಹಿಂದಿನ ಮಿದುಳಿನ ಭಾಗದಲ್ಲಿ ಹುಟ್ಟುವ ಈ ಸೆಳವು ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷ, ಪ್ರತಿ ಸಲವೂ ಅದೇ ವಾಸನೆ, ಜೊತೆಗೆ ಹೊಟ್ಟೆಯಿಂದ ಏನೋ ಮೇಲೇರಿದಂತೆ, ಇದೆಲ್ಲ ಹಿಂದೆಯೂ ನಡೆದಿತ್ತು ಎಂಬಂತೆ, ಕಣ್ಣು ಶೂನ್ಯದಲ್ಲಿ ನೆಟ್ಟಂತೆ. ಬ್ರಿಟಿಷ್ ನರವೈದ್ಯ ಹ್ಯೂಲಿಂಗ್ಸ್ ಜಾಕ್ಸನ್ 19ನೇ ಶತಮಾನದಲ್ಲೇ ಇದನ್ನು ವಿವರಿಸಿದ್ದರು. ಇದಕ್ಕೆ ಎದುರಾಗಿ, ದಿನವಿಡೀ ಉಳಿಯುವ ಹೊಗೆಯ ವಾಸನೆ ಹೆಚ್ಚಾಗಿ ಮೂಗಿನದ್ದೇ ಕೆಲಸ. ಒಂದು ಹೊಳ್ಳೆ ಮುಚ್ಚಿಕೊಂಡಾಗ ಅದು ನಿಂತರೆ ಆ ಅನುಮಾನ ಬಲವಾಗುತ್ತದೆ. ಇಲ್ಲದ ವಾಸನೆ ಅಪರೂಪವೂ ಅಲ್ಲ. ಅಮೆರಿಕದಲ್ಲಿ 40 ದಾಟಿದವರ ನಡುವೆ ನಡೆದ ರಾಷ್ಟ್ರಮಟ್ಟದ ಸಮೀಕ್ಷೆಯೊಂದರಲ್ಲಿ ಶೇ 6.5ರಷ್ಟು ಮಂದಿ ಇದನ್ನು ಹೇಳಿಕೊಂಡಿದ್ದರು. ಹೇಳಿಕೊಂಡರೆ ಹುಚ್ಚು ಎಂದಾರು ಎಂದು ಬಾಯಿಬಿಡದವರೇ ಹೆಚ್ಚಿರಬೇಕು.

ಪಾರ್ಕಿನ್ಸನ್ ರೋಗದ ವಿಷಯವನ್ನು ಎಚ್ಚರದಿಂದ ಹೇಳಬೇಕು. ಆ ರೋಗಿಗಳಲ್ಲಿ ಶೇ 90ರವರೆಗೆ ವಾಸನೆ ಮಂಕಾಗಿರುತ್ತದೆ, ಕೈ ನಡುಗಲು ಶುರುವಾಗುವ ಎಷ್ಟೋ ವರ್ಷ ಮೊದಲೇ. ಜರ್ಮನಿಯ ಹೈಕೊ ಬ್ರಾಕ್ 2003ರಲ್ಲಿ ಮಂಡಿಸಿದ ವಾದದ ಪ್ರಕಾರ ಈ ರೋಗದ ಮೊದಲ ಹೆಜ್ಜೆಗಳು ಗಂಧಕಂದದಲ್ಲೂ ಕಾಣುತ್ತವೆ. ಆದರೆ ಲೆಕ್ಕವನ್ನು ತಿರುಗಿಸಿ ಓದಬಾರದು. ವಾಸನೆ ಮಂಕಾದವರಲ್ಲಿ ಬಹುಪಾಲು ಮಂದಿಗೆ ಪಾರ್ಕಿನ್ಸನ್ ಬರುವುದಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ರಿಚರ್ಡ್ ಡೋಟಿ 1984ರಲ್ಲೇ ತೋರಿಸಿದಂತೆ 65ರಿಂದ 80ರ ನಡುವಿನವರಲ್ಲಿ ಅರ್ಧಕ್ಕೂ ಹೆಚ್ಚು, 80 ದಾಟಿದವರಲ್ಲಿ ಮುಕ್ಕಾಲಿಗೂ ಹೆಚ್ಚು ಮಂದಿಯ ಮೂಗು ದುರ್ಬಲವಾಗಿರುತ್ತದೆ. ಅಜ್ಜನಿಗೆ ಸಾರಿನ ಪರಿಮಳ ತಿಳಿಯದಿದ್ದರೆ ಅದು ಹೆಚ್ಚಾಗಿ ವಯಸ್ಸು. ಐವತ್ತೈದರ ಒಬ್ಬರಿಗೆ ನೆಗಡಿಯೂ ಇಲ್ಲದೆ ಮೆಲ್ಲಮೆಲ್ಲನೆ ವಾಸನೆ ಹೋಗಿ, ಮಲಬದ್ಧತೆ ಸೇರಿ, ನಿದ್ದೆಯಲ್ಲಿ ಕೂಗಿ ಒದೆಯುವುದು ಶುರುವಾಗಿದ್ದರೆ ನರವೈದ್ಯರನ್ನು ಕಾಣುವುದು ಒಳ್ಳೆಯದು. ಡೋಟಿ ಅವರು ರೂಪಿಸಿದ 40 ವಾಸನೆಗಳ ಪರೀಕ್ಷೆ ಜಗತ್ತಿನೆಲ್ಲೆಡೆ ಹೆಸರಾಗಿದೆ. ಆದರೆ ಅದರಲ್ಲಿ ರೂಟ್ ಬಿಯರ್, ಕುಂಬಳದ ಪೈ ಇವೆ. ಹೊಸಪೇಟೆಯ ಅಜ್ಜಿ ಅದರಲ್ಲಿ ತಪ್ಪಿದರೆ ತಪ್ಪು ಯಾರದು?

ಉಳಿದ ಕಾರಣಗಳ ಸಾಲು ಉದ್ದವಿದೆ: ಹೈಪೊಥೈರಾಯ್ಡ್, ಮಧುಮೇಹ, ಮೂತ್ರಪಿಂಡದ ವೈಫಲ್ಯ, ಕ್ಯಾನ್ಸರ್ ಔಷಧಗಳು, ಧೂಮಪಾನ, ಬ್ಯಾಟರಿ ಕಾರ್ಖಾನೆಗಳ ಕ್ಯಾಡ್ಮಿಯಂ. ಹುಟ್ಟಿನಿಂದಲೇ ವಾಸನೆ ತಿಳಿಯದ ಮಕ್ಕಳಿಗೆ ಪ್ರಾಯವೂ ತಡವಾದರೆ ಕಾಲ್ಮನ್ ಸಿಂಡ್ರೋಮ್ ಇರಬಹುದು. ಬಸುರಿನಲ್ಲಿ ವಾಸನೆ ಹರಿತವಾಗುತ್ತದೆ ಎಂಬುದು ಬಹಳಷ್ಟು ಅಮ್ಮಂದಿರ ಅನುಭವ.

ಇಷ್ಟೆಲ್ಲ ಮೂಗಿನ ಮೇಲೆ ಹೊರಿಸುವ ಮೊದಲು ಮನೆಯನ್ನೂ ಒಮ್ಮೆ ನೋಡಬೇಕು, ಮೂಗು ನಿಜ ಹೇಳುತ್ತಿರಲೂಬಹುದು. ಅತಿಥಿಗಳು ಬಂದಾಗ ಮಾತ್ರ ತೆರೆಯುವ ಬಚ್ಚಲಿನ ನಹಾನಿ ಟ್ರ್ಯಾಪಿನಲ್ಲಿ, ಅಂದರೆ ನೀರು ಹೋಗುವ ಜಾಲರಿಯ ಕೆಳಗಿನ ಗುಂಡಿಯಲ್ಲಿ, ನೀರು ಆರಿದರೆ ಚರಂಡಿಯ ಗಾಳಿ ನೇರ ಒಳಬರುತ್ತದೆ. ಒಂದು ಚೊಂಬು ನೀರು ಸುರಿದರೆ ಮುಗಿಯಿತು. ಮೀನು ತರದ ಮನೆಯಲ್ಲಿ ಮೀನಿನ ವಾಸನೆ ಬಂದರೆ ಸ್ವಿಚ್ ಬೋರ್ಡುಗಳನ್ನು ನೋಡಿ, ಒಳಗೆ ಪ್ಲಾಸ್ಟಿಕ್ ಕಾದು ಕರಗುತ್ತಿರಬಹುದು.

ಹೊರಗಿನ ವಿಷ ಮೂಗನ್ನೇ ಕೊಲ್ಲುವುದೂ ಉಂಟು, ಇದರ ಬೆಲೆ ತೆರುವವರು ಯಾರೆಂದು ನಮಗೆಲ್ಲ ಗೊತ್ತಿದೆ. ಮ್ಯಾನ್‌ಹೋಲ್‌ಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ನಾತದ ಅನಿಲ. ಕಣದಷ್ಟಿದ್ದರೂ ಮೂಗು ಹಿಡಿಯುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ನೂರು ಭಾಗದ ಆಸುಪಾಸಿಗೆ ಏರಿದಾಗ ಕೆಲವೇ ನಿಮಿಷಗಳಲ್ಲಿ ಗಂಧದ ನರ ಸ್ತಬ್ಧವಾಗುತ್ತದೆ. ಇಳಿದವನಿಗೆ ನಾತ ಹೋಯಿತು, ಅನಿಲ ಹೋಯಿತು ಎನಿಸುತ್ತದೆ. ಇನ್ನೂ ಹೆಚ್ಚಾದರೆ ಅಲ್ಲಿಯೇ ಕುಸಿಯುತ್ತಾನೆ, ಎತ್ತಲು ಹೋದವನೂ ಕುಸಿಯುತ್ತಾನೆ. ಮಲಹೊರುವ ಪದ್ಧತಿ ನಿಷೇಧದ ಕಾಯ್ದೆ 2013ರಲ್ಲೇ ಬಂದಿದ್ದರೂ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಗುಂಡಿಗೆ ಇಳಿಸುವುದು ನಿಂತಿಲ್ಲ. "ವಾಸನೆ ನೋಡಿ ಇಳಿ" ಎಂಬ ಸಲಹೆ ಕೊಲ್ಲುವ ಸಲಹೆ.

ಚಿಕಿತ್ಸೆಯ ಮಾತಿಗೆ ಬಂದರೆ, ಕಾರಣ ಎಲ್ಲಿದೆ ಎಂಬುದೇ ಅದನ್ನು ನಿರ್ಧರಿಸುತ್ತದೆ. ಪಾಲಿಪ್‌ಗೆ ಸ್ಟೀರಾಯ್ಡ್ ಚೆನ್ನಾಗಿ ಕೆಲಸ ಮಾಡುತ್ತದೆ, ಸೋಂಕಿನ ನಂತರ ಕೆಟ್ಟ ನರಕ್ಕೆ ಅದರ ಉಪಯೋಗದ ಪುರಾವೆ ದುರ್ಬಲ. ಆವಿ ತೆಗೆದುಕೊಂಡರೆ ಕಟ್ಟಿದ ಮೂಗು ಬಿಡುತ್ತದೆ, ನರ ಚಿಗುರುವುದಿಲ್ಲ. ಮೂಗಿಗೆ ಏನಾದರೂ ಸುರಿಯುವ ಚಪಲ ಮಾತ್ರ ಎಲ್ಲ ಕಾಲಕ್ಕೂ ಒಂದೇ. 1937ರಲ್ಲಿ ಪೋಲಿಯೊ ತಡೆಯಲೆಂದು ಟೊರಾಂಟೊದಲ್ಲಿ ಸಾವಿರಾರು ಮಕ್ಕಳ ಮೂಗಿಗೆ ಸತುವಿನ ಸಲ್ಫೇಟ್ ಸಿಂಪಡಿಸಿದರು. ಪೋಲಿಯೊ ನಿಲ್ಲಲಿಲ್ಲ, ಕೆಲವು ಮಕ್ಕಳ ವಾಸನೆ ಶಾಶ್ವತವಾಗಿ ಹೋಯಿತು. ಆ ಪಾಠ ಮರೆತು ನೆಗಡಿಗೆಂದು ಸತುವಿನ ಜೆಲ್ ಮಾರಿದ್ದನ್ನು 2009ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಎಚ್ಚರಿಕೆ ಕೊಟ್ಟು ನಿಲ್ಲಿಸಬೇಕಾಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಎಂಬ ಗಾದೆಗೆ ಇದಕ್ಕಿಂತ ಅಕ್ಷರಶಃ ಉದಾಹರಣೆ ಸಿಗದು. 2021ರಲ್ಲಿ ನಮ್ಮಲ್ಲಿಯೂ ಮೂಗಿಗೆ ನಿಂಬೆರಸ ಬಿಡುವ ಸಲಹೆ ಹರಡಿತ್ತಲ್ಲ.

ಪುರಾವೆ ಇರುವ ದಾರಿ ಬಹಳ ಸಪ್ಪೆಯದು. ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ 2009ರಲ್ಲಿ ಪ್ರಕಟಿಸಿದ ಗಂಧ ತರಬೇತಿ ಅದು: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ದಿನಕ್ಕೆ ಎರಡು ಬಾರಿ, ಒಂದೊಂದನ್ನೂ ಹತ್ತು ಸೆಕೆಂಡು ಗಮನವಿಟ್ಟು ಮೂಸುವುದು, ಹನ್ನೆರಡು ವಾರ. ಇದು ಪವಾಡವಲ್ಲ, ಆದರೆ ತರಬೇತಿ ಮಾಡಿದವರ ಮೂಗು ಮಾಡದವರದ್ದಕ್ಕಿಂತ ಹೆಚ್ಚು ಸುಧಾರಿಸಿತು. ಲವಂಗ ಸಾಂಬಾರ ಡಬ್ಬಿಯಲ್ಲೇ ಇದೆ, ನಿಂಬೆಸಿಪ್ಪೆಗೆ ಖರ್ಚಿಲ್ಲ. ನೀಲಗಿರಿ ಎಣ್ಣೆಯನ್ನು ಹತ್ತಿಗೆ ಒಂದು ಹನಿ ಹಾಕಿ ದೂರದಿಂದ ಮೂಸಬೇಕು. ಮೂಗಿಗೆ ಬಿಡುವಂತಿಲ್ಲ, ಮಕ್ಕಳ ಕೈಗೆ ಸಿಗುವಂತೆ ಇಡುವಂತಿಲ್ಲ, ಕುಡಿದರೆ ಅದು ವಿಷ.

ಅತ್ತಿಗೆ ಏಳು ತಿಂಗಳು ಮೂಸಿದರು. ಆ ಅವಧಿಯಲ್ಲಿ ವೈದ್ಯರು ಕೊಟ್ಟ, ನಮಗೆ ತೋಚದಿದ್ದ ಸಲಹೆ ಅಡುಗೆ ಅನಿಲದ್ದು. ಎಲ್‌ಪಿಜಿಗೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದು ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರುತ್ತಾರೆ, ಅದು ಕಾಫಿಯ ಆ ಗಂಧಕದ ಅಣುವಿನ ದಾಯಾದಿ. ವಾಸನೆ ಹೋದವರಿಗೆ ಅದು ತಿಳಿಯುವುದಿಲ್ಲ, ವಾಸನೆ ತಿರುಚಿದವರಿಗೆ ಒಗ್ಗರಣೆಗೂ ಸೋರಿಕೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಮನೆಗೆ ಗ್ಯಾಸ್ ಅಲಾರಂ ಬಂತು, ರಾತ್ರಿ ರೆಗ್ಯುಲೇಟರ್ ಮುಚ್ಚುವುದು ಅಭ್ಯಾಸವಾಯಿತು, ಸೋರಿಕೆಯ ತುರ್ತು ಸಂಖ್ಯೆ 1906 ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಹಾಲು ಕೆಟ್ಟಿದೆಯೇ ಎಂದು ನೋಡುವ ಕೆಲಸ ಹನ್ನೊಂದು ವರ್ಷದ ಮಗಳಿಗೆ ಬಂತು.

ಆ ಕೆಲಸ ಈಗಲೂ ಅವಳದ್ದೇ. ಈ ಬೇಸಿಗೆಯಲ್ಲಿ ಒಂದು ದಿನ ಪಾತ್ರೆಗೆ ಮೂಗು ಹಿಡಿದು "ಕೆಟ್ಟಿಲ್ಲಮ್ಮ, ಆದರೆ ಹಲಸಿನ ಹಣ್ಣಿನ ವಾಸನೆ ಹಿಡಿದಿದೆ" ಎಂದಳು. ಅತ್ತಿಗೆ ಪಾತ್ರೆಯನ್ನು ತಮ್ಮ ಮೂಗಿನ ಬಳಿಗೆ ಎತ್ತಿ ಹಿಡಿದು, ತುಸು ಹೊತ್ತು ಸುಮ್ಮನಿದ್ದು, "ಹೌದು, ಬಕ್ಕೆ ಹಲಸು" ಎಂದರು.